ನೀಲಿ ಬಾಲ, ಕೆಂಪು ಒಡಲು: ಪ್ರೋಟೀನ್ ಚಿತ್ರಗಳನ್ನು ಎಷ್ಟು ನಂಬಬೇಕು?

ಕಳೆದ ತಿಂಗಳು ಒಂದು ಭಾನುವಾರ ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಕೋಥ್ರೂಡಿನ ನಮ್ಮ ಮನೆಗೆ ಬಂದಳು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಈಗ ಪುಣೆಯಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಎಂ.ಎಸ್ಸಿ. ಓದುತ್ತಿದ್ದಾಳೆ. ಕಾಲೇಜಿನ ಪೋಸ್ಟರ್ ಪ್ರದರ್ಶನಕ್ಕೆಂದು ಒಂದು ಬ್ಯಾಕ್ಟೀರಿಯಾದ ಪ್ರೋಟೀನನ್ನು ಪೈಮಾಲ್ ತಂತ್ರಾಂಶದಲ್ಲಿ ತೆರೆದು ಚಿತ್ರ ಮಾಡಿದ್ದಳು. ಚಿತ್ರ ಚೆಂದವಿತ್ತು. ಬಿಳಿ ಹಿನ್ನೆಲೆ, ನುಣುಪಾದ ನೆರಳು, ನಡುವೆ ಕೆಂಪು-ಕಿತ್ತಳೆ ಬಣ್ಣದ ಗಟ್ಟಿ ಒಡಲು. ಒಂದು ತುದಿಯಿಂದ ಹೊರಟ ಉದ್ದನೆಯ ಕಡು ನೀಲಿ ಬಾಲ ಆ ಒಡಲನ್ನು ಒಂದು ಸುತ್ತು ಸುತ್ತಿಕೊಂಡು ನಿಂತಿತ್ತು. ಕೆಳಗೆ ಒಂದು ಸಾಲು: "ನೀಲಿ ಭಾಗ ಅತ್ಯಂತ ಸ್ಥಿರ, ಡಿಎನ್‌ಎ ಹಿಡಿಯುವುದು ಈ ತೋಳೇ ಇರಬಹುದು."

ಆ ಆಕಾರದ ತೋಳಿಗೆ ಯಾವ ಆಧಾರವೂ ಇರಲಿಲ್ಲ. ಹಾಗೆಂದಾಗ ಅವಳಿಗೆ ಬೇಸರವಾಯಿತು. "ಬಣ್ಣಾ ನಾ ಹಚ್ಚಿಲ್ಲ ಮಾಮಾ, ಸಾಫ್ಟ್‌ವೇರೇ ಹಚ್ಚೇತಿ. ಅದರಾಗ ತಪ್ಪು ಹೆಂಗ ಆಗ್ತೈತಿ?" ಅಂದಳು.

ಪ್ರಶ್ನೆ ಸರಿಯಾಗಿಯೇ ಇತ್ತು. ಇಪ್ಪತ್ತು ವರ್ಷಗಳಿಂದ ಪ್ರೋಟೀನ್ ರಚನೆಗಳ ಜೊತೆಗೇ ಬದುಕುತ್ತಿರುವ ನನಗೆ ಈಚಿನ ನಾಲ್ಕೈದು ವರ್ಷಗಳಲ್ಲಿ ಇಂಥ ಚಿತ್ರಗಳು ಪೋಸ್ಟರುಗಳಲ್ಲಿ, ಪ್ರಬಂಧಗಳಲ್ಲಿ, ಕಂಪನಿಗಳ ಸ್ಲೈಡುಗಳಲ್ಲಿ ಪದೇ ಪದೇ ಎದುರಾಗುತ್ತಿವೆ. ಹಾಗಾಗಿ ಅವಳಿಗೆ ಅಂದು ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳು ಕೊಂಡಿಗಳಂತೆ ಸೇರಿದ ಸರಪಳಿ, ಅದು ಮಡಚಿಕೊಂಡು ಪಡೆಯುವ ಆಕಾರವೇ ರಚನೆ. ಆ ರಚನೆಯ ಕಡತವೆಂದರೆ ಒಂದು ಉದ್ದ ಪಟ್ಟಿ. ಒಂದೊಂದು ಪರಮಾಣುವಿಗೆ ಒಂದೊಂದು ಸಾಲು. ಅದು ಯಾವ ಧಾತು, ಯಾವ ಅಮೈನೊ ಆಮ್ಲಕ್ಕೆ ಸೇರಿದ್ದು, ಉದ್ದ-ಅಗಲ-ಎತ್ತರಗಳಲ್ಲಿ ಅದರ ಜಾಗ ಎಲ್ಲಿ ಎಂಬುದೆಲ್ಲ ಆ ಸಾಲಿನಲ್ಲಿರುತ್ತದೆ. ಸಾಲಿನ ಕೊನೆಯ ಹೊತ್ತಿಗೆ ಇನ್ನೊಂದು ಸಂಖ್ಯೆ ಬರುತ್ತದೆ. ಅದರ ಹೆಸರು ಬಿ-ಫ್ಯಾಕ್ಟರ್. ಎಕ್ಸ್-ರೇಯಿಂದ ಹರಳನ್ನು ಪರೀಕ್ಷಿಸಿ ಪಡೆದ ರಚನೆಯಲ್ಲಿ ಈ ಸಂಖ್ಯೆ ದೊಡ್ಡದಿದ್ದರೆ ಆ ಪರಮಾಣು ಅಲ್ಲಾಡುತ್ತಿದೆ, ಅದರ ಜಾಗ ಅಷ್ಟು ಖಚಿತವಲ್ಲ ಎಂದರ್ಥ. ಚಿಕ್ಕದಿದ್ದರೆ ಗಟ್ಟಿಯಾಗಿ ಕೂತಿದೆ. ಪೈಮಾಲ್‌ನಲ್ಲಿ ಈ ಸಂಖ್ಯೆಯ ಪ್ರಕಾರ ಬಣ್ಣ ಹಚ್ಚು ಎಂದರೆ ಚಿಕ್ಕದಕ್ಕೆ ನೀಲಿ, ದೊಡ್ಡದಕ್ಕೆ ಕೆಂಪು ಬರುತ್ತದೆ. ಹೀಗೆ ಎರಡು ತಲೆಮಾರಿನ ವಿದ್ಯಾರ್ಥಿಗಳು ನೀಲಿ ಎಂದರೆ ನಿಶ್ಚಲ, ಕೆಂಪು ಎಂದರೆ ಚಂಚಲ ಎಂದು ಕಲಿತರು.

ಅವಳ ಪ್ರೋಟೀನು ಮಾತ್ರ ಯಾವ ಹರಳಿನಿಂದಲೂ ಬಂದದ್ದಲ್ಲ. ಅದು ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಊಹಿಸಿದ ಮಾದರಿ. ಆಲ್ಫಾಫೋಲ್ಡ್ ತನ್ನ ಕಡತದಲ್ಲಿ ಅದೇ ಬಿ-ಫ್ಯಾಕ್ಟರಿನ ಜಾಗಕ್ಕೆ ಬೇರೊಂದು ಸಂಖ್ಯೆಯನ್ನು ತುಂಬುತ್ತದೆ. ಸೊನ್ನೆಯಿಂದ 100ರವರೆಗಿನ ಆ ಅಂಕ ತನ್ನ ಊಹೆಯ ಮೇಲೆ ತನಗೇ ಎಷ್ಟು ಭರವಸೆಯಿದೆ ಎಂಬುದನ್ನು ಹೇಳುತ್ತದೆ. ಹೆಸರು ಪಿಎಲ್‌ಡಿಡಿಟಿ. ಅಲ್ಲಿ ದೊಡ್ಡ ಸಂಖ್ಯೆ ಎಂದರೆ ಒಳ್ಳೆಯದು. 90ರ ಮೇಲಿದ್ದರೆ ಬಹಳ ನಂಬಬಹುದು, 50ರ ಕೆಳಗಿದ್ದರೆ ಆ ಆಕಾರವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಕಡತದಲ್ಲಿ ಜಾಗ ಒಂದೇ, ಅರ್ಥ ತಿರುವುಮುರುವು. ಪೈಮಾಲ್‌ಗೆ ಈ ವ್ಯತ್ಯಾಸ ಗೊತ್ತಿಲ್ಲ. ಅದು ಚಿಕ್ಕ ಸಂಖ್ಯೆ ಕಂಡಲ್ಲಿ ನೀಲಿ ಹಚ್ಚಿತು, ದೊಡ್ಡದು ಕಂಡಲ್ಲಿ ಕೆಂಪು ಹಚ್ಚಿತು. ಮಾದರಿಯ ಅತ್ಯಂತ ಭರವಸೆಯ ಭಾಗವಾದ ಒಡಲು ಕೆಂಪಾಯಿತು. ಭರವಸೆಯೇ ಇಲ್ಲದ ಬಾಲ ಕಡು ನೀಲಿಯಾಯಿತು.

ತಪ್ಪು ಇಷ್ಟಕ್ಕೇ ನಿಲ್ಲುವುದಿಲ್ಲ. ಆಲ್ಫಾಫೋಲ್ಡ್‌ನ ಸ್ವಂತ ಜಾಲತಾಣದಲ್ಲಿ ಕಡು ನೀಲಿ ಎಂದರೆ 90ರ ಮೇಲೆ, ತಿಳಿ ನೀಲಿ ಎಂದರೆ 70ರಿಂದ 90, ಹಳದಿ ಎಂದರೆ 50ರಿಂದ 70, ಕಿತ್ತಳೆ ಎಂದರೆ 50ಕ್ಕಿಂತ ಕಡಿಮೆ. ಈಗ ಅವಳ ಚಿತ್ರದ ಮುಂದೆ ಇಬ್ಬರು ನಿಂತರೆಂದುಕೊಳ್ಳಿ. ಹರಳಿನ ರಚನೆಗಳಲ್ಲಿ ಪಳಗಿದ ಹಿರಿಯರೊಬ್ಬರು ನೀಲಿ ಬಾಲ ನಿಶ್ಚಲವೆಂದು ಓದುತ್ತಾರೆ. ಆಲ್ಫಾಫೋಲ್ಡ್ ಬಳಸಿ ಬೆಳೆದ ಹುಡುಗನೊಬ್ಬ ನೀಲಿ ಬಾಲ ಖಚಿತವೆಂದು ಓದುತ್ತಾನೆ. ಇಬ್ಬರ ಅಭ್ಯಾಸಗಳೂ ಬೇರೆ, ಆದರೆ ಇಬ್ಬರೂ ಒಂದೇ ತಪ್ಪಿಗೆ ಬಂದು ನಿಲ್ಲುತ್ತಾರೆ. ಇದನ್ನು ಹೇಳಿದಾಗ ಅವಳು ತುಸು ಹೊತ್ತು ಸುಮ್ಮನೆ ಪರದೆ ನೋಡುತ್ತಾ ಕೂತಳು.

ಇದು ಈ ಕಾಲದ ಸಮಸ್ಯೆ ಏಕೆ ಎಂಬುದಕ್ಕೆ ಸಂಖ್ಯೆಗಳನ್ನು ನೋಡಬೇಕು. ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಶುರುವಾದಾಗ ಅದರಲ್ಲಿದ್ದದ್ದು 7 ರಚನೆಗಳು. ಪ್ರಯೋಗದಿಂದ ಪಡೆದ ರಚನೆಗಳು 2 ಲಕ್ಷ ದಾಟಲು ಐವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಪ್ರತಿಯೊಂದರ ಹಿಂದೆಯೂ ಯಾರದೋ ಪಿಎಚ್‌.ಡಿ. ಇದೆ, ಹರಳು ಬೆಳೆಯದೆ ಕಳೆದ ತಿಂಗಳುಗಳಿವೆ. ನಮ್ಮ ಪುಣೆಯ ಪಾಷಾಣ್ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಪೆನಿಸಿಲಿನ್ ವಿ ಅಸೈಲೇಸ್ ಎಂಬ ಕಿಣ್ವದ ರಚನೆಯನ್ನು ಇಂಗ್ಲೆಂಡಿನ ಯಾರ್ಕ್‌ನವರ ಜೊತೆಗೂಡಿ 1999ರಲ್ಲಿ ಪ್ರಕಟಿಸಿದರು. ಅಂಥ ಒಂದು ರಚನೆ ಸಿಕ್ಕರೆ ಆಗ ಅದು ವರ್ಷಗಟ್ಟಲೆ ಮಾತನಾಡುವ ಸುದ್ದಿ. ಆಲ್ಫಾಫೋಲ್ಡ್‌ನ ಭಂಡಾರ 2021ರ ಜುಲೈನಲ್ಲಿ ಸುಮಾರು ಮೂರೂವರೆ ಲಕ್ಷ ಮಾದರಿಗಳೊಂದಿಗೆ ತೆರೆಯಿತು. ಒಂದೇ ವರ್ಷದಲ್ಲಿ ಆ ಸಂಖ್ಯೆ 20 ಕೋಟಿ ದಾಟಿತು. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಈ ಕೆಲಸಕ್ಕಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಸಂದಿತು, ಇನ್ನರ್ಧ ಹೊಸ ಪ್ರೋಟೀನುಗಳನ್ನೇ ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅವರಿಗೆ. ಸಲ್ಲಬೇಕಾದದ್ದೇ ಸಂದಿದೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ಹರಳು ಬೆಳೆಸುವ ಸೌಕರ್ಯವಿಲ್ಲದ ಸಣ್ಣ ಊರಿನ ಕಾಲೇಜಿಗೂ ಇಂದು ತನ್ನ ಪ್ರೋಟೀನಿನ ಆಕಾರ ನೋಡಲು ಸಾಧ್ಯವಾಗಿದೆ.

ಆದರೆ ಹಿಂದೆ ಚಿತ್ರಕ್ಕೂ ಪ್ರಯೋಗಕ್ಕೂ ನಡುವೆ ಒಬ್ಬ ಮನುಷ್ಯ ಇರುತ್ತಿದ್ದ. ಹರಳು ಬೆಳೆಸಿದವನಿಗೆ ತನ್ನ ರಚನೆಯ ಯಾವ ಮೂಲೆ ಮಸುಕು, ಎಲ್ಲಿ ತಾನು ಅಂದಾಜಿನ ಮೇಲೆ ಸರಪಳಿ ಎಳೆದಿದ್ದೇನೆ ಎಂಬುದು ಬಾಯಿಪಾಠವಾಗಿರುತ್ತಿತ್ತು. ಈಗ ಚಿತ್ರ ಮಾಡುವವರು ಕಡತದ ಒಳಗನ್ನು ಒಮ್ಮೆಯೂ ನೋಡದೆ ಐದು ನಿಮಿಷದಲ್ಲಿ ಮುಖಪುಟಕ್ಕೆ ಹಾಕುವಂಥ ಚಿತ್ರ ತೆಗೆಯಬಹುದು. ತಂತ್ರಾಂಶ ಖಚಿತ ಭಾಗಕ್ಕೂ ಅನುಮಾನದ ಭಾಗಕ್ಕೂ ಒಂದೇ ಹೊಳಪು, ಒಂದೇ ನೆರಳು ಕೊಡುತ್ತದೆ. ನನ್ನ ಚಿಂತೆಯೆಲ್ಲ ಇಲ್ಲಿದೆ.

ಚಿತ್ರದಲ್ಲಿ ಕಾಣುವ ಸುರುಳಿ, ಬಾಣ, ದಾರಗಳ ಬಗ್ಗೆಯೂ ಒಂದು ಮಾತು. ಪ್ರೋಟೀನಿನ ಒಳಗೆ ಯಾವ ರಿಬ್ಬನ್ನೂ ಇಲ್ಲ. ಕೇಂಬ್ರಿಜ್‌ನಲ್ಲಿ ಜಾನ್ ಕೆಂಡ್ರ್ಯೂ ಸ್ನಾಯುವಿನ ಪ್ರೋಟೀನಾದ ಮಯೋಗ್ಲೋಬಿನ್‌ನ ಮೊದಲ ಮಾದರಿಯನ್ನು 1957ರಲ್ಲಿ ಪ್ಲಾಸ್ಟಿಸಿನ್ ಮಣ್ಣಿನಲ್ಲಿ ಮಾಡಿದ್ದರು. ನೋಡಲು ಕರುಳಿನ ಗಂಟಿನಂತಿತ್ತು. ಆಮೇಲೆ ಸಾವಿರಾರು ಕಂಬಿಗಳ ಕಾಡಿನ ನಡುವೆ ಒಂದೊಂದೇ ಪರಮಾಣು ಕಟ್ಟಿದರು. ಸಾವಿರಾರು ಪರಮಾಣುಗಳನ್ನು ಒಮ್ಮೆಗೇ ತೋರಿಸಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ ಎಂಬ ಕಷ್ಟಕ್ಕೆ ಅಮೆರಿಕದ ಜೇನ್ ರಿಚರ್ಡ್‌ಸನ್ 1980ರ ಆಸುಪಾಸಿನಲ್ಲಿ ಕೈಯಿಂದಲೇ ರಿಬ್ಬನ್ ಚಿತ್ರ ಬರೆದು ಪರಿಹಾರ ಕೊಟ್ಟರು. ಸರಪಳಿ ಸುರುಳಿಯಾದಲ್ಲಿ ಸುರುಳಿ, ಚಾಚಿಕೊಂಡಲ್ಲಿ ಅಗಲ ಪಟ್ಟಿ, ಪಟ್ಟಿಯ ತುದಿಯಲ್ಲಿ ಸರಪಳಿ ಸಾಗುವ ದಿಕ್ಕಿಗೆ ಬಾಣದ ಮೊನೆ. ಇಂದಿನ ಪೈಮಾಲ್, ಕೈಮೆರಾಎಕ್ಸ್, ವಿಎಮ್‌ಡಿ, ಮೋಲ್‌ಸ್ಟಾರ್ ತಂತ್ರಾಂಶಗಳೆಲ್ಲವೂ ಗುಂಡಿ ಒತ್ತಿದೊಡನೆ ಬಿಡಿಸುವುದು ಆಕೆ ಹಾಕಿಕೊಟ್ಟ ಆ ಮಾದರಿಯನ್ನೇ.

ಬಣ್ಣವೂ ಹಾಗೆಯೇ. ಕಣ್ಣಿಗೆ ಕಾಣುವ ಬೆಳಕಿನ ಅಲೆ 400ರಿಂದ 700 ನ್ಯಾನೊಮೀಟರ್ ಉದ್ದ. ಒಂದು ಹಿಮೋಗ್ಲೋಬಿನ್ ಅಡ್ಡಲಾಗಿ ಸುಮಾರು 6 ನ್ಯಾನೊಮೀಟರ್. ಬೆಳಕಿನ ಅಲೆಗಿಂತ ಇಷ್ಟು ಸಣ್ಣದಾದ ವಸ್ತುವನ್ನು ಯಾವ ಬಣ್ಣದಲ್ಲೂ ನಾವು ನೋಡಲಾರೆವು. ಆಮ್ಲಜನಕ ಕೆಂಪು, ಸಾರಜನಕ ನೀಲಿ, ಗಂಧಕ ಹಳದಿ ಎನ್ನುವುದು ರಸಾಯನಶಾಸ್ತ್ರದವರ ಹಳೆಯ ಒಪ್ಪಂದ. 2020ರಲ್ಲಿ ಪತ್ರಿಕೆ, ಟಿವಿ, ಆಸ್ಪತ್ರೆಯ ಗೋಡೆಗಳ ಮೇಲೆಲ್ಲ ಬಂದ ಕೊರೊನಾ ವೈರಸ್ಸಿನ ಬೂದು ಚೆಂಡಿನ ಮೇಲಿನ ಕೆಂಪು ಮುಳ್ಳುಗಳೂ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಕಲಾವಿದರು ಆರಿಸಿಕೊಂಡ ಬಣ್ಣಗಳೇ. ಅದರಲ್ಲಿ ಮೋಸವಿಲ್ಲ. ಆರಿಸಿಕೊಂಡದ್ದು ಎಂಬುದು ನೋಡುವವರಿಗೆ ಗೊತ್ತಿದ್ದರೆ ಸಾಕು.

ಆ ಮುಳ್ಳಿನ ವಿಷಯದಲ್ಲೇ ಇನ್ನೊಂದು ಕೊರತೆ ಇತ್ತು. ಆ ಮುಳ್ಳಿಗೆ ಸ್ಪೈಕ್ ಪ್ರೋಟೀನ್ ಎಂದು ಹೆಸರು. ಅಣುಗಳನ್ನು ಹೆಪ್ಪುಗಟ್ಟಿಸಿ ನೋಡುವ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಬಂದ ಅದರ ರಚನೆಗಳಲ್ಲಿ ಅದರ ಮೈಮೇಲಿನ ಸಕ್ಕರೆಯ ಸರಪಳಿಗಳು ಬುಡದಲ್ಲಿ ಒಂದೆರಡು ಕೊಂಡಿಗಳಷ್ಟೇ ಕಾಣುತ್ತವೆ, ಉಳಿದದ್ದು ಅಲ್ಲಾಡುತ್ತಿರುವುದರಿಂದ ಮಸುಕಾಗಿ ಹೋಗುತ್ತದೆ. ಮೂರು ಪ್ರೋಟೀನ್ ಸರಪಳಿ ಸೇರಿ ಒಂದು ಸ್ಪೈಕ್. ಒಂದೊಂದರ ಮೇಲೆ ಸಕ್ಕರೆ ಕೂರುವ ಇಂಥ 22 ಜಾಗಗಳಿವೆ, ಮೂರೂ ಸೇರಿ 66. ಕಾಣದ್ದನ್ನು ಬಿಟ್ಟು ಬರೆದರೆ ಸ್ಪೈಕ್ ಬೆತ್ತಲೆಯಾಗಿ ಕಾಣುತ್ತದೆ, ಪ್ರತಿಕಾಯಗಳು ಎಲ್ಲಿ ಬೇಕಾದರೂ ಹಿಡಿಯಬಹುದು ಎನ್ನಿಸುತ್ತದೆ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೋಮಿ ಅಮಾರೊ ಅವರ ತಂಡ 2020ರಲ್ಲಿ ಆ ಸಕ್ಕರೆಗಳನ್ನೆಲ್ಲ ಕೂಡಿಸಿ ಕಂಪ್ಯೂಟರಿನಲ್ಲಿ ಅಣುವನ್ನು ಆಡಿಸಿ ನೋಡಿತು. ಸಕ್ಕರೆ ಕವಚದಂತೆ ಮುಚ್ಚುವುದಷ್ಟೇ ಅಲ್ಲ, 165 ಮತ್ತು 234ನೇ ಜಾಗದ ಸರಪಳಿಗಳು ಸ್ಪೈಕಿನ ತುದಿಯನ್ನು ಮೇಲೆತ್ತಿ ಹಿಡಿಯಲು ಆಸರೆಯಾಗುತ್ತವೆ ಎಂದು ತಿಳಿಯಿತು. ಬಿಟ್ಟುಹೋದದ್ದೇ ಕೆಲಸದ ಭಾಗವಾಗಿತ್ತು.

ರಚನೆಯನ್ನು ಸರಿಯಾಗಿ ಓದಿದರೆ ಏನಾಗುತ್ತದೆ ಎಂಬುದಕ್ಕೂ ಪುಣೆಯಲ್ಲೇ ಉದಾಹರಣೆಯಿದೆ. ಇಲ್ಲಿನ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಕೋವೋವ್ಯಾಕ್ಸ್ ಎಂಬ ಕೋವಿಡ್ ಲಸಿಕೆಯ ಸ್ಪೈಕ್ ಪ್ರೋಟೀನಿನಲ್ಲಿ 986 ಮತ್ತು 987ನೇ ಜಾಗಗಳಲ್ಲಿ ಮೂಲದ ಅಮೈನೊ ಆಮ್ಲಗಳ ಬದಲು ಎರಡು ಪ್ರೋಲೀನ್‌ಗಳಿವೆ. ಬಗ್ಗಲು ಒಪ್ಪದ ಪ್ರೋಲೀನನ್ನು ಅಲ್ಲಿಟ್ಟರೆ ಸ್ಪೈಕ್ ತನ್ನ ಆಕಾರ ಬದಲಿಸದೆ ನಿಲ್ಲುತ್ತದೆ ಎಂಬುದು ಇದೇ ಕುಟುಂಬದ ಹಿಂದಿನ ವೈರಸ್ಸುಗಳ ರಚನೆಯನ್ನು ವರ್ಷಗಳ ಕಾಲ ತಿರುಗಿಸಿ ತಿರುಗಿಸಿ ನೋಡಿದವರಿಗೆ ಹೊಳೆದದ್ದು.

ವಿದ್ಯಾರ್ಥಿಗಳಿಗೆ ನಾನು ಮೊದಲು ಮಾಡಿಸುವ ಚಿತ್ರ ಕುಡಗೋಲು ಕಣ ರೋಗದ (ಸಿಕಲ್ ಸೆಲ್) ಹಿಮೋಗ್ಲೋಬಿನ್ನಿನದು. ಇದು ದೂರದ ವಿಷಯವಲ್ಲ. ವಿದರ್ಭದ ಗಡಚಿರೋಲಿ, ಉತ್ತರ ಮಹಾರಾಷ್ಟ್ರದ ನಂದುರಬಾರ್ ಕಡೆಯ ಆದಿವಾಸಿ ಕುಟುಂಬಗಳಲ್ಲಿ ಈ ಕಾಯಿಲೆಯಿದೆ. 2047ರೊಳಗೆ ಇದನ್ನು ನಿವಾರಿಸುವ ಗುರಿಯ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಶುರುವಾಯಿತು. ಮುಂಬೈಯ ಪರೇಲ್‌ನಲ್ಲಿ ಕೆಇಎಂ ಆಸ್ಪತ್ರೆಯ ಆವರಣದಲ್ಲಿರುವ ಐಸಿಎಂಆರ್ ಸಂಸ್ಥೆ ಇಂಥ ರಕ್ತದ ಕಾಯಿಲೆಗಳ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತಿದೆ.

ಮೊದಲು ಮಾಮೂಲಿ ಹಿಮೋಗ್ಲೋಬಿನ್ ತೆರೆಯಿರಿ ಅನ್ನುತ್ತೇನೆ. ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಅದರ ಸಂಕೇತ 4ಎಚ್‌ಎಚ್‌ಬಿ. ಎರಡು ಆಲ್ಫಾ, ಎರಡು ಬೀಟಾ ಸರಪಳಿ, ಆಮ್ಲಜನಕ ಹಿಡಿಯುವ ನಾಲ್ಕು ಹೀಮ್, ನಡುವೆ ಕಬ್ಬಿಣ. ಬೀಟಾ ಸರಪಳಿಯ 6ನೇ ಜಾಗಕ್ಕೆ ಹೋಗಿ. ಅಲ್ಲಿ ಗ್ಲುಟಾಮಿಕ್ ಆಮ್ಲವಿದೆ. ಕುಡಗೋಲು ಕಣ ರೋಗದಲ್ಲಿ ಅದರ ಬದಲು ವ್ಯಾಲೀನ್ ಬರುತ್ತದೆ. ತಂತ್ರಾಂಶದಲ್ಲೇ ಆ ಒಂದು ಆಮ್ಲವನ್ನು ಬದಲಿಸಿ ನೋಡಿದರೆ ಏನೂ ಆಗುವುದಿಲ್ಲ. ಮಡಿಕೆ ಹಾಗೇ ಇರುತ್ತದೆ, ಕಬ್ಬಿಣ ಅಲ್ಲೇ ಇರುತ್ತದೆ. ಹುಡುಗರು ನನ್ನ ಮುಖ ನೋಡುತ್ತಾರೆ, ಕಾಯಿಲೆ ಎಲ್ಲಿದೆ ಸರ್ ಅಂತ.

ಆಗ 2ಎಚ್‌ಬಿಎಸ್ ತೆರೆಯಲು ಹೇಳುತ್ತೇನೆ. ಇದು ರೋಗದ ಹಿಮೋಗ್ಲೋಬಿನ್ನಿನ ಹರಳಿನ ರಚನೆ. ಇದರಲ್ಲಿ ಸರಪಳಿ ನಾಲ್ಕಲ್ಲ, ಎಂಟು. ಒಂದರ ಪಕ್ಕ ಇನ್ನೊಂದು ಹಿಮೋಗ್ಲೋಬಿನ್ ಕೂತಿದೆ. ಹರಳಿನೊಳಗೆ ಅವು ಸಾಲುಗಟ್ಟಿದ ಕಡೆ ಒಂದರ 6ನೇ ವ್ಯಾಲೀನ್ ನೆರೆಯದರ ಬೀಟಾ ಸರಪಳಿಯ ಒಂದು ತಗ್ಗಿನಲ್ಲಿ ಹೋಗಿ ಕೂರುತ್ತದೆ. ಆ ತಗ್ಗಿನ ಗೋಡೆಗಳು 85ನೇ ಫಿನೈಲ್ ಅಲನೀನ್ ಮತ್ತು 88ನೇ ಲ್ಯೂಸೀನ್, ನೀರಿಗೆ ಬೆನ್ನು ತಿರುಗಿಸುವ ಎರಡು ಆಮ್ಲಗಳು. ಗ್ಲುಟಾಮಿಕ್ ಆಮ್ಲಕ್ಕೆ ಋಣ ವಿದ್ಯುದಂಶ ಇರುವುದರಿಂದ ಅದು ಅಲ್ಲಿ ಕೂರುವುದಿಲ್ಲ, ವ್ಯಾಲೀನ್ ಒಪ್ಪವಾಗಿ ಕೂರುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ನಲ್ಲಿ ಮಾತ್ರ ಆ ತಗ್ಗು ಇದಕ್ಕೆ ತಕ್ಕಂತೆ ತೆರೆದಿರುತ್ತದೆ. ಹೀಗೆ ಒಂದಕ್ಕೊಂದು ಅಂಟಿ ಉದ್ದ ನಾರಾಗಿ ಕೆಂಪು ರಕ್ತಕಣ ಸೊಟ್ಟಗಾಗುತ್ತದೆ. ಒಂಟಿ ಅಣುವಿನ ಚಿತ್ರದಲ್ಲಿ ಕಾಯಿಲೆ ಇಲ್ಲವೇ ಇಲ್ಲ. ಅದು ಇರುವುದು ಎರಡು ಅಣುಗಳ ನಡುವೆ.

ಈ ಪಾಠಕ್ಕಾಗಿ ಮೇಲ್ಮೈಯನ್ನು ಅರೆಪಾರದರ್ಶಕ ಮಾಡಿ, ಆ ಮೂರು ಆಮ್ಲಗಳನ್ನು ಮಾತ್ರ ಕಡ್ಡಿಗಳಾಗಿ ತೋರಿಸಿ, ಉಳಿದದ್ದನ್ನೆಲ್ಲ ತಿಳಿ ಬೂದು ಮಾಡಿಸುತ್ತೇನೆ. ಒಳ್ಳೆಯ ಚಿತ್ರದ ಅರ್ಧ ಕೆಲಸ ಏನನ್ನು ಬೂದು ಮಾಡಬೇಕು ಎಂದು ನಿರ್ಧರಿಸುವುದರಲ್ಲೇ ಇದೆ. ಕೆಂಪು-ಹಸಿರು ಪಕ್ಕಪಕ್ಕ ಇಡಬೇಡಿ ಎಂದೂ ಹೇಳುತ್ತೇನೆ. ಈ ಎರಡು ಬಣ್ಣಗಳ ಭೇದ ಕಾಣದ ಹುಡುಗನೊಬ್ಬ ನನ್ನ ತರಗತಿಯಲ್ಲೇ ಇದ್ದ, ಒಂದು ಇಡೀ ಸೆಮಿಸ್ಟರ್ ಬಾಯಿಬಿಟ್ಟು ಹೇಳಿರಲಿಲ್ಲ.

ಒಂದೇ ಕಡತದಲ್ಲಿ ಅಣು ಪೂರ್ತಿ ಇರುತ್ತದೆಂಬ ಭರವಸೆಯೂ ಇಲ್ಲ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿನ ಹಳೆಯ ರಚನೆಯೊಂದಿದೆ, 1ಎಚ್‌ಎಚ್‌ಒ. ತೆರೆದರೆ ಎರಡೇ ಸರಪಳಿ ಕಾಣುತ್ತವೆ. ಉಳಿದರ್ಧ ಹರಳಿನ ಸಮ್ಮಿತಿಯಿಂದ ಬರುವಂಥದು, ಅದನ್ನು ಕಡತದಲ್ಲಿ ಬರೆದಿಲ್ಲ, ಹೇಗೆ ಕಟ್ಟಿಕೊಳ್ಳಬೇಕೆಂಬ ಸೂಚನೆಯಷ್ಟೇ ಇದೆ. ಜೈವಿಕ ಜೋಡಣೆಯನ್ನು, ಅಂದರೆ ದೇಹದಲ್ಲಿ ಇರುವಂಥ ಪೂರ್ತಿ ಅಣುವನ್ನು, ತೋರಿಸು ಎಂದು ಕೇಳದಿದ್ದರೆ ಹಿಮೋಗ್ಲೋಬಿನ್‌ಗೆ ಎರಡೇ ಹೀಮ್ ಎಂದು ಪೋಸ್ಟರಿನಲ್ಲಿ ಅಚ್ಚಾಗುತ್ತದೆ.

ಅಚ್ಚಿನ ಮಾತು ಬಂದದ್ದರಿಂದ ಒಂದು ನೋವನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ವಿಚಾರ ಸಂಕಿರಣದ ಫ್ಲೆಕ್ಸ್ ಮಾಡಲು ಸದಾಶಿವ ಪೇಠೆಯ ಒಂದು ಅಂಗಡಿಗೆ ಕೊಟ್ಟಿದ್ದೆವು. ಶೀರ್ಷಿಕೆಗೆ ಜಾಗ ಸಾಲದೆಂದು ವಿನ್ಯಾಸ ಮಾಡುವ ಹುಡುಗ ನಮ್ಮ ಪ್ರೋಟೀನಿನ ಚಿತ್ರವನ್ನು ಎಡಬಲ ತಿರುಗಿಸಿಬಿಟ್ಟ. ಅವನಿಗೆ ಅದು ಹೂಬಳ್ಳಿಯ ಹಾಗೆ. ಆದರೆ ಪ್ರೋಟೀನಿನ ಆಲ್ಫಾ ಸುರುಳಿ ಬಲಗೈ ಸುರುಳಿ. ಬಲಗೈ ಹೆಬ್ಬೆರಳನ್ನು ಸುರುಳಿಯುದ್ದಕ್ಕೆ ಚಾಚಿದರೆ ಉಳಿದ ಬೆರಳುಗಳು ಮಡಚುವ ದಿಕ್ಕಿನಲ್ಲೇ ಅದು ಸುತ್ತುತ್ತಾ ಮುಂದೆ ಹೋಗುತ್ತದೆ. ಕನ್ನಡಿಯಲ್ಲಿ ಅದು ಎಡಗೈಯದಾಗುತ್ತದೆ. ಜೀವಿಗಳ ಪ್ರೋಟೀನುಗಳು ಕಟ್ಟಲ್ಪಟ್ಟ ಅಮೈನೊ ಆಮ್ಲಗಳಲ್ಲಿ ಅಂಥ ಉದ್ದ ಎಡ ಸುರುಳಿ ನಿಲ್ಲುವುದೇ ಇಲ್ಲ. ಏಕೆ ನಿಲ್ಲುವುದಿಲ್ಲ ಎಂಬುದನ್ನು 1963ರಲ್ಲಿ ಮದರಾಸಿನಿಂದ ಜಿ.ಎನ್. ರಾಮಚಂದ್ರನ್ ತಮ್ಮ ಸಹೋದ್ಯೋಗಿಗಳೊಂದಿಗೆ ಒಂದೇ ನಕ್ಷೆಯಲ್ಲಿ ತೋರಿಸಿಕೊಟ್ಟಿದ್ದರು. ಆಮೇಲೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಆಣ್ವಿಕ ಜೈವಿಕಭೌತ ವಿಭಾಗವನ್ನು ಕಟ್ಟಿದವರೂ ಅವರೇ. ಇಂದಿಗೂ ಜಗತ್ತಿನಲ್ಲಿ ಯಾವ ಹೊಸ ರಚನೆ ಬಂದರೂ ಅವರ ನಕ್ಷೆಯ ಮೇಲೆ ಇಟ್ಟು ಪರೀಕ್ಷಿಸುತ್ತಾರೆ. ಅಂಥ ನಾಡಿನಲ್ಲಿ ಎಡ ಸುರುಳಿಯ ಫ್ಲೆಕ್ಸ್ ಕೆಳಗೆ ನಿಂತು ಅತಿಥಿಗಳನ್ನು ಬರಮಾಡಿಕೊಂಡೆವು. ಈಗ ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಅಲಂಕಾರದ ಡಿಎನ್‌ಎ ಚಿತ್ರಗಳಲ್ಲಿ ಇದೇ ತಪ್ಪನ್ನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಅವುಗಳ ಹಿಂದೆ ಪರಮಾಣುಗಳ ಪಟ್ಟಿಯೇ ಇಲ್ಲ, ಹಾಗಾಗಿ ತಪ್ಪನ್ನು ಹುಡುಕಿ ತಿದ್ದಲು ಮೂಲವೂ ಇಲ್ಲ.

ಯಾವ ತಂತ್ರಾಂಶ ಬಳಸಬೇಕೆಂದು ಬಹಳ ಜನ ಕೇಳುತ್ತಾರೆ. ಪೈಮಾಲ್‌ನ ಶೈಕ್ಷಣಿಕ ಪರವಾನಗಿ ಪಾಠ ಹೇಳಲು ಮಾತ್ರ, ಅದರಲ್ಲಿ ಮಾಡಿದ ಚಿತ್ರವನ್ನು ಸಂಶೋಧನಾ ಲೇಖನಕ್ಕೆ ಹಾಕುವಂತಿಲ್ಲ. ಅದಕ್ಕೆ ಅದರ ಮುಕ್ತ ಆಕರದ ಆವೃತ್ತಿ ಇದೆ. ಕೈಮೆರಾಎಕ್ಸ್ ಲಾಭದ ಉದ್ದೇಶವಿಲ್ಲದ ಕೆಲಸಕ್ಕೆ ಉಚಿತ, ಹಿಂಜವಡಿಯ ಕಂಪನಿಯಲ್ಲಿ ಕೂತು ಬಳಸುವುದಾದರೆ ಪರವಾನಗಿ ಬೇಕು. ಲ್ಯಾಪ್‌ಟಾಪ್ ಹಳೆಯದಿದ್ದರೆ ಮೋಲ್‌ಸ್ಟಾರ್ ಬ್ರೌಸರಿನಲ್ಲೇ ನಡೆಯುತ್ತದೆ. ಹೊಸಬರಿಗೆ ನಾನು ಕೈಮೆರಾಎಕ್ಸ್ ಹೇಳುತ್ತೇನೆ. ಆಲ್ಫಾಫೋಲ್ಡ್‌ನ ಬಣ್ಣಗಳ ಸರಿಯಾದ ಪಟ್ಟಿ ಅದರಲ್ಲಿ ಸಿದ್ಧವಾಗಿದೆ. ಪ್ರಯೋಗದಲ್ಲಿ ಕಾಣದೆ ಹೋದ ಭಾಗವನ್ನು ಅದು ತಾನಾಗಿ ಚುಕ್ಕಿ ಗೆರೆಯಲ್ಲಿ ತೋರಿಸುತ್ತದೆ. ಆ ಚುಕ್ಕಿಗಳನ್ನು ಅಂದಕ್ಕಾಗಿ ಅಳಿಸುವವರಿದ್ದಾರೆ. ದಯವಿಟ್ಟು ಅಳಿಸಬೇಡಿ.

ನನ್ನ ಮಟ್ಟಿಗೆ ಚಿತ್ರದ ಕೆಳಗಿನ ಎರಡು ಸಾಲು ಚಿತ್ರದಷ್ಟೇ ಮುಖ್ಯ. ರಚನೆಯ ಸಂಕೇತ ಯಾವುದು, ಪ್ರಯೋಗದ್ದೋ ಊಹೆಯದೋ, ಪ್ರಯೋಗದ್ದಾದರೆ ರೆಸಲ್ಯೂಷನ್ (ಎಷ್ಟು ಸಣ್ಣ ವಿವರ ಕಂಡಿದೆ ಎಂಬ ಅಳತೆ) ಎಷ್ಟು, ಬಣ್ಣ ಏನನ್ನು ಹೇಳುತ್ತದೆ. ಆಂಗ್‌ಸ್ಟ್ರಾಮ್ ಎಂದರೆ ನ್ಯಾನೊಮೀಟರಿನ ಹತ್ತನೇ ಒಂದು ಭಾಗ. ಒಂದೂವರೆ ಆಂಗ್‌ಸ್ಟ್ರಾಮ್‌ನ ರಚನೆಯಲ್ಲಿ ಅಮೈನೊ ಆಮ್ಲಗಳ ಪಕ್ಕದ ಗುಂಪುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಮೂರೂವರೆಯಲ್ಲಿ ಅವು ಎತ್ತ ಮುಖ ಮಾಡಿವೆ ಎಂದು ಎಷ್ಟೋ ಕಡೆ ಹೇಳಲಾಗದು. ರಿಬ್ಬನ್ ಮಾತ್ರ ಎರಡರಲ್ಲೂ ಅಷ್ಟೇ ನುಣುಪು.

ಆ ಭಾನುವಾರ ಚಹಾ ಆರಿಹೋಗುವಷ್ಟು ಹೊತ್ತು ಇಬ್ಬರೂ ಕೂತೆವು. ಅವಳು ಕಡತವನ್ನು ಕೈಮೆರಾಎಕ್ಸ್‌ನಲ್ಲಿ ತೆರೆದು ಬಣ್ಣ ಬದಲಿಸಿದಳು. ಒಡಲು ಕಡು ನೀಲಿಯಾಯಿತು, ಬಾಲ ಪೂರ್ತಿ ಕಿತ್ತಳೆ. ಬಾಲದ ಅಂಕಗಳನ್ನು ಒಂದೊಂದಾಗಿ ಓದಿದಳು: 38, 34, 41, 29. ಒಡಲಲ್ಲೂ ಎರಡು ಗೋಲಗಳಿದ್ದವು. ಎರಡೂ ಒಳಗೊಳಗೆ ಖಚಿತ, ಆದರೆ ಒಂದಕ್ಕೊಂದು ಯಾವ ಕೋನದಲ್ಲಿ ಕೂತಿವೆ ಎಂಬುದಕ್ಕೆ ಆಲ್ಫಾಫೋಲ್ಡ್ ಕೊಡುವ ಇನ್ನೊಂದು ನಕ್ಷೆ ಇದೆ, ಅದರಲ್ಲಿ ಭರವಸೆ ಕಡಿಮೆ ಇತ್ತು. ಅದನ್ನೂ ತೆರೆದು ನೋಡಿದಳು.

"ಹಂಗಾರ ಬಾಲಾ ತೆಗದ ಬಿಡ್ಲೇನು ಮಾಮಾ?"

"ತೆಗೀಬ್ಯಾಡ. ಅಲ್ಲಿ ಸರಪಳಿ ಅಂತೂ ಐತಿ, ಅದರ ಆಕಾರ ಗೊತ್ತಿಲ್ಲ ಅಷ್ಟ. ಗೊತ್ತಿಲ್ಲ ಅಂತ ಕಾಣೂ ಹಂಗ ಇಡು."

ಅವಳು ಬಾಲವನ್ನು ತೆಳು ದಾರದಷ್ಟು ಸಣ್ಣದು ಮಾಡಿ, ಕಿತ್ತಳೆ ಬಣ್ಣ ಹಾಗೇ ಉಳಿಸಿ, ಪಕ್ಕದಲ್ಲಿ ನಾಲ್ಕು ಬಣ್ಣಗಳ ಸಣ್ಣ ಪಟ್ಟಿ ಇಟ್ಟಳು. ಡಿಎನ್‌ಎ ತೋಳಿನ ಸಾಲನ್ನು ಅಳಿಸಿ, ಎರಡು ಗೋಲಗಳ ನಡುವಿನ ಕೋನ ಖಚಿತವಲ್ಲ ಎಂದು ಬರೆದಳು. ಆಮೇಲೆ ಸೆಷನ್ ಕಡತವನ್ನು ಉಳಿಸಿ, ಕೊಟ್ಟ ಆದೇಶಗಳನ್ನೆಲ್ಲ ಒಂದು ನೋಟ್‌ಪ್ಯಾಡಿಗೆ ನಕಲು ಮಾಡಿಕೊಂಡು, ಅದೇ ಹೆಸರಿನಲ್ಲಿ ಪೋಸ್ಟರಿನ ಫೋಲ್ಡರಿಗೆ ಸೇರಿಸಿದಳು.